“ನಮ್ಮ ಅಕ್ಕೋರು ಎಲ್ಲಿ?” – ಬದಲಿ ಟೀಚರ್ ಆಗಿ ಹೋಗೋರಿಗೆ ಅನುಭವದ ಮಾತು

ಶಹಾಪುರದಿಂದ ಕೇಳಿದ್ದು:
ಸರ್ಕಾರಿ ಶಾಲೆಯ ಎಲ್‌ಕೆಜಿ ಟೀಚರ್ ಹೆರಿಗೆ ರಜೆಗೆ ಹೊಂಟಾರ. ಸೋಮವಾರದಿಂದ ಆರು ತಿಂಗಳು ಅವರ ಜಾಗಕ್ಕ ನಾನು. 28 ಮಕ್ಕಳು, ನಾಲ್ಕು ವರ್ಷದ ಆಜುಬಾಜು. ನೋಡ್ಲಿಕ್ಕೆ ಹೋದ್ರ ಅರ್ಧ ಮಕ್ಕಳು ಆಯಾನ ಸೆರಗಿನ ಹಿಂದ ಅಡಗ್ತಾವ. ಇವರನ್ನ ಹತ್ತಿರ ಮಾಡ್ಕೊಳ್ಳೋದು ಹ್ಯಾಂಗ್ರಿ?

ಕಲಬುರಗಿಯಿಂದ:
ಸೋಮವಾರದ ತನಕ ಕಾಯಬ್ಯಾಡ್ರಿ. ಹಳೆ ಟೀಚರ್ ಇರೋವಾಗಲೇ ಅರ್ಧ ದಿನ ಹೋಗಿ ಅವರ ಬಾಜೂಕ ಕೂಡ್ರಿ. ಅವರು ನಿಮ್ಮ ಜೋಡಿ ನಕ್ಕೊಂತ ಮಾತಾಡೋದನ್ನ ಮಕ್ಕಳು ನೋಡಿದ್ರ ಅರ್ಧ ಕೆಲಸ ಮುಗೀತು. ಒಂದು ನೋಟ್‌ಬುಕ್ಕಿನಾಗ ಮಗುವಿಗೆ ಒಂದು ಸಾಲಿನಂತೆ ಬರಕೊಳ್ಳಿ: ಹಾಜರಿ ಪುಸ್ತಕದ ಹೆಸರು, ಮನ್ಯಾಗ ಕರೆಯೋ ಹೆಸರು, ಕೂಡೋ ಜಾಗ, ಒಂದಕ್ಕ ಬಂದ್ರ ಏನು ಗುರುತು ಮಾಡ್ತದ, ಏನು ತಿಂದ್ರ ಆಗಿಬರೂದಿಲ್ಲ, ಕರಕೊಂಡು ಹೋಗ್ಲಿಕ್ಕೆ ಯಾರು ಬರ್ತಾರ. ಮನೆ ಹೆಸರು ಮರೀಬ್ಯಾಡ್ರಿ. ಹಾಜರಿ ಹೆಸರಿಗೆ ತಿರುಗಿ ನೋಡದ ಕೂಸು “ಚಿನ್ನೂ” ಅಂದ ಕೂಡ್ಲೇ ನೋಡ್ತದ.

ಎರಡು ವಾರ ಏನೂ ಬದಲು ಮಾಡಬ್ಯಾಡ್ರಿ. ಅದೇ ಹಾಡು, ಅದೇ ಧಾಟಿ, ಹಾಡಾದ ಮ್ಯಾಲ ಕೈ ತೊಳಿಯೋದು ಇದ್ರ ಅದೇ. ಈ ವಯಸ್ಸಿಗೆ ಗಡಿಯಾರ ಗೊತ್ತಿಲ್ಲ, ಒಂದಾದ ಮ್ಯಾಲೊಂದು ಬರೋ ಕೆಲಸಗಳೇ ಅವರ ಗಡಿಯಾರ. ಹೊಸ ಮುಖದ ಜೋಡಿ ಅದೂ ಬದಲಾದ್ರ ಹೆದರ್ತಾವ. ಹೊಸಬರು ಮೊದಲ ದಿನವೇ ಗೋಡೆ ಚಾರ್ಟ್ ಕಿತ್ತು ಹೊಸದು ಹಚ್ಚೋದು ನನಗಂತೂ ಸರಿ ಕಾಣೂದಿಲ್ಲ.

ಆಳಂದದ ಅಂಗನವಾಡಿ ಕಾರ್ಯಕರ್ತೆ:
ಹತ್ತಿರ ಹೋಗಿ ಗಲ್ಲ ಹಿಂಡಬೇಡಿ, ಎತ್ತಿಕೊಳ್ಳಬೇಡಿ. ನೆಲಕ್ಕೆ ಕೂತು, ಎದುರಿಗಲ್ಲ, ಮಗ್ಗುಲಿಗೆ ಎರಡು ಮೊಳ ದೂರದಲ್ಲಿ, ನಿಮ್ಮಷ್ಟಕ್ಕೆ ಏನಾದರೂ ಮಾಡುತ್ತಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ನಾಚುವ ಮಗು ಇನ್ನೂ ಹಿಂದೆ ಸರಿಯುತ್ತದೆ.

ಕೈಗೆ ಕೆಲಸ ಕೊಡಲು ಹಿಟ್ಟಿನ ಮುದ್ದೆಯಂಥದ್ದು ಬೇರೆ ಇಲ್ಲ. ನಾಲ್ಕು ಲೋಟ ಗೋಧಿ ಹಿಟ್ಟು, ಎರಡು ಲೋಟ ಪುಡಿ ಉಪ್ಪು, ಎರಡು ಚಮಚ ಎಣ್ಣೆ. ನೀರು ಒಂದೂವರೆ ಲೋಟದಿಂದ ಶುರು ಮಾಡಿ, ಎರಡು ಲೋಟ ದಾಟಬೇಡಿ. ದಾಟಿದರೆ ಕೈಗೆ ಮೆತ್ತುತ್ತದೆ. 28 ಮಕ್ಕಳಿಗೆ ಲಿಂಬೆಹಣ್ಣಿನಷ್ಟು ಒಂದೊಂದು ಬರುತ್ತದೆ. ಉಪ್ಪು ಇರುವುದರಿಂದ ಬೇಗ ಕೆಡುವುದಿಲ್ಲ, ಬಾಯಿಗಿಟ್ಟವರು ತಾವೇ ಉಗುಳುತ್ತಾರೆ. ಕೈಗೆ ಗಾಯ ಆದವರಿಗೆ ಉರಿಯುತ್ತದೆ, ಮೊದಲು ಬೆರಳು ನೋಡಿ. ತೊಗರಿ ಕಾಳು, ಹುಣಸೆ ಬೀಜ ಮಾತ್ರ ಕೊಡಬೇಡಿ. ಮೂಗಿಗೆ ತುರುಕಿಕೊಳ್ಳುತ್ತವೆ.

ಬಸವಕಲ್ಯಾಣದಿಂದ:
ಭಾಷೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಕನ್ನಡದ ಮಗು “ಆಯಿ ಬೇಕು” ಅಂತ ಅತ್ತರೆ ಅಜ್ಜಿ ಬೇಕು ಅಂತ. ಮರಾಠಿ ಮಗು ಅದೇ ಮಾತು ಹೇಳಿದರೆ ತಾಯಿ. ತಾಂಡಾದ ಲಂಬಾಣಿ ಮಗು ತಾಯಿಗೆ “ಯಾಡಿ” ಅನ್ನುತ್ತದೆ. ದುಡಿಯಲು ಮುಂಬೈ, ಪುಣೆಗೆ ಹೋದವರ ಮಕ್ಕಳು ಅಜ್ಜಿ ಹತ್ತಿರ ಇರುತ್ತಾರೆ. ಅವರಿಗೆ “ಸಂಜೀಕ ಅವ್ವ ಬರ್ತಾಳ” ಅಂದುಬಿಟ್ಟರೆ ಕಥೆ ಮುಗಿಯಿತು. ಮನೆಯಲ್ಲಿ ಯಾರಿದ್ದಾರೆ ಅನ್ನೋದನ್ನೂ ಆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀರು, ಹಸಿವು, ಒಂದಕ್ಕ, ನೋವು: ಈ ನಾಲ್ಕು ಮಾತು ಪ್ರತಿ ಮಗುವಿನ ಮನೆ ಭಾಷೆಯಲ್ಲಿ ಕಲಿತರೆ ಸಾಕು.

ಹೊಸಬರ ಮುಂದೆ ಮಕ್ಕಳು ಒಂದಕ್ಕ ತಡೆದುಕೊಂಡು ಕೂರುತ್ತಾರೆ, ಕೇಳುವುದಿಲ್ಲ. ಮೊದಲ ವಾರ ನೀವೇ ನಾಲ್ಕು ನಾಲ್ಕು ಜನರನ್ನು ಕರೆದೊಯ್ಯಿರಿ: ಪ್ರಾರ್ಥನೆ ಆದಮೇಲೆ, ಊಟಕ್ಕೆ ಮೊದಲು, ಮನೆಗೆ ಹೋಗುವ ಮುಂಚೆ. ಚಡ್ಡಿ ಒದ್ದೆಯಾದರೆ ಆಯಾಗೆ ಕೂಗಿ ಹೇಳಬೇಡಿ. ಎಲ್ಲರೂ ನಕ್ಕರೆ ಆ ಮಗು ಮರುದಿನ ಬರುವುದಿಲ್ಲ.

ಚಿಂಚೋಳಿಯಿಂದ:
ಅಳು ನಿಲ್ಲಿಸ್ಲಿಕ್ಕೆ ಚಾಕಲೇಟ್ ಬ್ಯಾಡ. ಮೂರನೇ ದಿನಕ್ಕ ಅಳದ ಮಕ್ಕಳೂ ಕೈ ಚಾಚ್ತಾವ. “ಸೂಜಿ ಹಾಕಸ್ತೀನಿ” ಅಂತೂ ಬ್ಯಾಡೇ ಬ್ಯಾಡ. ಲಸಿಕೆ ದಿನ ಅದರ ಫಲ ನೀವೇ ಉಣ್ಣಬೇಕಾಗ್ತದ. ತಾಯಿ ಕದ್ದು ಹೋಗಬಾರದು. ಕೂಸಿಗೆ ಹೇಳಿ, ಕೈ ಬೀಸಿ, ಒಂದೇ ನಿಮಿಷದಾಗ ಹೋಗಬೇಕು. ಕಿಟಕಿ ಹತ್ರ ನಿಂತು ಇಣುಕಿದ್ರ ಅಳು ಮತ್ತ ಶುರು. “ಎರಡು ತಾಸಿಗೆ ಬರ್ತಾಳ” ಅನ್ನಬ್ಯಾಡ್ರಿ. “ಊಟ ಆಗಿ ಚೀಲ ಹಾಕ್ಕೊಂಡ ಮ್ಯಾಲ” ಅಂದ್ರ ತಿಳೀತದ. ಬ್ಯಾಸಗಿಗೆ ಶಾಲಿ ಲಗೂ ಶುರುವಾದಾಗ ಬರೇ ಹೊಟ್ಟೀಲೆ ಬಂದಿರ್ತಾವ, ಅಳೋ ಮಗುವಿಗೆ ಉಂಡು ಬಂದೀಯೇನು ಅಂತ ಮೊದಲು ಕೇಳ್ರಿ.

ಶಹಾಪುರದವರು ಮತ್ತೆ:
“ನಮ್ಮ ಅಕ್ಕೋರು ಎಲ್ಲಿ” ಅಂದ್ರ ಏನು ಹೇಳಲಿ?

ಕಲಬುರಗಿಯಿಂದ:
ಖರೇ ಹೇಳ್ರಿ. “ಅಕ್ಕೋರ ಮನ್ಯಾಗ ಪಾಪು ಬರೋದದ, ಅದಕ್ಕ ಮನ್ಯಾಗ ಇದ್ದಾರ.” ನಾಳೆ ಬರ್ತಾರ ಅನ್ನಬ್ಯಾಡ್ರಿ, ಮಕ್ಕಳು ನಾಳೆ ಕೇಳ್ತಾವ. ಅವರು ಒಪ್ಪಿದ್ರ ಅವರ ಫೋಟೋ ಒಂದು ಗೋಡೆಗೆ ಹಚ್ರಿ. ಸುರುವಿನ ದಿನಗಳಾಗ ಆಯಾನೇ ನಿಮ್ಮನ್ನ ಮಕ್ಕಳಿಗೆ ಹೆಸರು ಹೇಳಿ ಪರಿಚಯ ಮಾಡಸಲಿ, ಮಕ್ಕಳಿಗೆ ಸದ್ಯಕ್ಕ ಆಕೀನೇ ಗಟ್ಟಿ. ಮತ್ತ ಆರು ತಿಂಗಳಾದ ಮ್ಯಾಲ ನೀವು ಬಿಡೋವಾಗ ನಾಲ್ಕು ದಿನ ಮುಂಚೆ ಹೇಳಬೇಕು, ಇಲ್ಲಾಂದ್ರ ತಾವು ಹಟ ಮಾಡಿದ್ದಕ್ಕ ಹೋದ್ರು ಅಂತ ತಿಳ್ಕೊಂತಾವ. ಆಗ ನಿಮ್ಮ ನೋಟ್‌ಬುಕ್ ಹಳೆ ಟೀಚರ್ ಕೈಗೆ ಕೊಡ್ರಿ.