ಈಜು ಬಾರದವರು ಸೇಂಟ್ ಜಾನ್‌ನಲ್ಲಿ ಸ್ನಾರ್ಕೆಲಿಂಗ್ ಮಾಡಬಹುದಾ?

ಪ್ರಶ್ನೆ (ನ್ಯೂಜೆರ್ಸಿಯಿಂದ):

ನಮಸ್ಕಾರ ಅಕ್ಕಾ. ಡಿಸೆಂಬರ್ ಕೊನೆ ವಾರ ಐದು ದಿನಕ್ಕೆ ಅಮೆರಿಕದ ವರ್ಜಿನ್ ಐಲ್ಯಾಂಡ್ಸ್‌ನ ಸೇಂಟ್ ಜಾನ್ ದ್ವೀಪಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು, ಜೊತೆಗೆ ಮೈಸೂರಿನಿಂದ ಬಂದಿರುವ ನಮ್ಮ ಅತ್ತೆ. ಅತ್ತೆಗೆ 63, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಗಳು ಚೆನ್ನಾಗಿ ಈಜುತ್ತಾಳೆ, ನನಗೆ ಅಷ್ಟಕ್ಕಷ್ಟೇ. ಯಜಮಾನರಿಗೆ ಈಜು ಬರುವುದಿಲ್ಲ. ಅವರಿಗೆ ಕನ್ನಡಕ ಬೇರೆ, ಮೈನಸ್ ಐದು. ಯಾರೂ ಒಮ್ಮೆಯೂ ಸ್ನಾರ್ಕೆಲಿಂಗ್ ಮಾಡಿಲ್ಲ. ಎಲ್ಲಿಂದ ಶುರು ಮಾಡಬೇಕು, ಯಾವ ಬೀಚ್, ಏನು ಕೊಳ್ಳಬೇಕು? ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಭಯವೇ ಇದೆ.

ಉತ್ತರ:

ಭಯ ಇರುವವರಿಗೆ ಕಲಿಸುವುದೇ ನನಗೆ ಇಷ್ಟ, ಅವರು ಹೇಳಿದ್ದನ್ನು ಕೇಳುತ್ತಾರೆ. ನಾನು ಮೊದಲು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಗಳಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಎಂಟು ವರ್ಷದಿಂದ ಕೆರಿಬಿಯನ್‌ನಲ್ಲಿ ಸ್ನಾರ್ಕೆಲಿಂಗ್ ಗೈಡ್. ನೇತ್ರಾಣಿಯಲ್ಲಿ ದೋಣಿಯಿಂದ ಇಳಿದರೆ ನೇರ ಆಳ, ಕಾಲಿಗೆ ನೆಲ ಸಿಗುವುದಿಲ್ಲ. ಸೇಂಟ್ ಜಾನ್ ಹಾಗಲ್ಲ. ಮರಳಿನ ಮೇಲೆ ನಡೆದುಕೊಂಡೇ ನೀರಿಗೆ ಹೋಗಬಹುದು. ಮೊದಲ ಸಲಕ್ಕೆ ನೀವು ಒಳ್ಳೆಯ ಜಾಗ ಆರಿಸಿದ್ದೀರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ನಾರ್ಕೆಲಿಂಗ್ ಎಂದರೆ ಈಜುವುದಲ್ಲ, ಮಾಸ್ಕ್ ಹಾಕಿ, ಕೊಳವೆಯಿಂದ ಉಸಿರಾಡುತ್ತಾ, ಮುಖ ಕೆಳಗೆ ಮಾಡಿ ತೇಲುವುದು. ಕಲಿಯಬೇಕಾದದ್ದು ಉಸಿರಾಟ. ಮುಖ ನೀರೊಳಗೆ ಇದ್ದಾಗ ಬಾಯಲ್ಲಿ ಉಸಿರಾಡುವುದಕ್ಕೆ ನಮ್ಮ ದೇಹ ಒಪ್ಪುವುದಿಲ್ಲ. ಎದೆ ಬಿಗಿಯುತ್ತದೆ, ಉಸಿರು ಗಡಿಬಿಡಿಯಾಗುತ್ತದೆ. ಕೈಕಾಲು ಬಡಿಯುವುದು ಆಮೇಲೆ. ದಿಗಿಲು ಶುರುವಾಗುವುದು ಉಸಿರಿನಲ್ಲಿ, ನಿಲ್ಲುವುದೂ ಅಲ್ಲೇ.

ಅದಕ್ಕೆ ಇವತ್ತಿನಿಂದಲೇ ಮನೆಯಲ್ಲಿ ಅಭ್ಯಾಸ ಮಾಡಿ. ಮಾಸ್ಕ್, ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿಕೊಂಡು ಸೋಫಾ ಮೇಲೆ ಸುಮ್ನೆ ಕುಳಿತು ಟಿವಿ ನೋಡಿ, ಹತ್ತು ನಿಮಿಷ. ಮಾರನೇ ದಿನ ಬಾತ್‌ಟಬ್‌ನಲ್ಲಿ ನೀರು ತುಂಬಿಸಿ ಮುಖ ಅದ್ದಿ. ನಿಧಾನವಾಗಿ ಎಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ಬಿಡುವುದು ಮುಖ್ಯ. ಹೊಸಬರು ಎಳೆಯುತ್ತಲೇ ಇರುತ್ತಾರೆ, ಪೂರ್ತಿ ಬಿಡುವುದೇ ಇಲ್ಲ. ಕೊಳವೆಗೆ ನೀರು ಬಂದರೆ ‘ಥೂ’ ಎಂದು ಜೋರಾಗಿ ಒಂದೇ ಸಲ ಊದಿ, ನೀರು ಮೇಲಿಂದ ಹಾರಿ ಹೋಗುತ್ತದೆ. ಮಾಸ್ಕಿಗೆ ನೀರು ಬಂದರೆ ಹಣೆಯ ಹತ್ತಿರ ಅಂಚನ್ನು ಒತ್ತಿ ಹಿಡಿದು ಮೂಗಿನಿಂದ ಊದಿ. ಕೆಳಗಿನಿಂದ ನೀರು ಹೋಗುತ್ತದೆ. ಇದನ್ನು ಇಪ್ಪತ್ತು ಸಲ ಟಬ್‌ನಲ್ಲಿ ಮಾಡಿದವರು ಸಮುದ್ರದಲ್ಲಿ ಹೆದರಿದ್ದನ್ನು ನಾನು ನೋಡಿಲ್ಲ. ಹತ್ತಿರ ಬಿಸಿನೀರಿನ ಈಜುಕೊಳ ಇದ್ದರೆ ಎರಡು ಸಲ ಹೋಗಿ ಬನ್ನಿ, ಇನ್ನೂ ಒಳ್ಳೆಯದು.

ಮೊದಲ ದಿನ ಮಾಹೋ ಬೇ ಎಂಬಲ್ಲಿಗೆ ಹೋಗಿ, ಬೇರೆಲ್ಲೂ ಬೇಡ. ರಸ್ತೆ ಪಕ್ಕದಲ್ಲೇ ಬೀಚ್. ಇಳಿಜಾರು ನಿಧಾನ, ತಳದಲ್ಲಿ ಕಡಲ ಹುಲ್ಲು. ಆ ಹುಲ್ಲು ಮೇಯಲು ಹಸಿರು ಕಡಲಾಮೆಗಳು ಬರುತ್ತವೆ. ಬೆಳಗ್ಗೆ ಎಂಟಕ್ಕೇ ಅಲ್ಲಿರಿ. ಗಾಳಿ ಕಮ್ಮಿ, ಜನ ಕಮ್ಮಿ, ಗಾಡಿ ನಿಲ್ಲಿಸಲು ಜಾಗವೂ ಸಿಗುತ್ತದೆ. ಎಲ್ಲರಿಗೂ ಟ್ರಂಕ್ ಬೇ ಫೋಟೋದಿಂದ ಪರಿಚಯ. ನೀರಿನ ತಳದಲ್ಲಿ ಫಲಕಗಳನ್ನು ನೆಟ್ಟಿರುವ ಸ್ನಾರ್ಕೆಲಿಂಗ್ ದಾರಿ ಇರುವುದು ಅಲ್ಲೇ. ಪ್ರವೇಶ ಶುಲ್ಕ ಇದೆ. ಅದನ್ನು ಮೂರನೇ ದಿನಕ್ಕೆ ಇಟ್ಟುಕೊಳ್ಳಿ.

ಡಿಸೆಂಬರ್ ಎಂದಿರಿ, ಅಲ್ವಾ? ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿಗಳ ಅಲೆ ಇಲ್ಲಿಯ ಉತ್ತರ ದಡಕ್ಕೆ ಬಂದು ಬಡಿಯುತ್ತದೆ. ಮೇಲೆ ಆಕಾಶ ತಿಳಿಯಾಗಿರುತ್ತದೆ, ಕೆಳಗೆ ನೀರು ಕಲಕಿ ಮಜ್ಜಿಗೆಯಾಗಿರುತ್ತದೆ. ಟ್ರಂಕ್, ಹಾಕ್ಸ್‌ನೆಸ್ಟ್, ಸಿನಮನ್ ಎಲ್ಲ ಉತ್ತರ ದಡದವೇ. ಅಂಥ ದಿನ ದಕ್ಷಿಣಕ್ಕೆ, ಸಾಲ್ಟ್ ಪಾಂಡ್ ಬೇಗೆ ಹೋಗಿ. ಗಾಡಿ ನಿಲ್ಲಿಸಿ ಸ್ವಲ್ಪ ಇಳಿದು ನಡೆಯಬೇಕು, ನೆರಳಿಲ್ಲ, ನೀರಿನ ಬಾಟಲಿ ಒಯ್ಯಿರಿ.

ಇನ್ನು ಗಾಡಿ. ಅಮೆರಿಕದ್ದೇ ನೆಲವಾದರೂ ಇಲ್ಲಿ ಎಡಗಡೆ ಓಡಿಸಬೇಕು, ನಮ್ಮೂರಿನ ಹಾಗೆ. ಆದರೆ ಗಾಡಿಯ ಸ್ಟೀರಿಂಗ್ ಕೂಡ ಎಡಗಡೆಯೇ. ರಸ್ತೆ ಕಡಿದಾದ ತಿರುವು. ಮೊದಲ ದಿನ ಪಕ್ಕದಲ್ಲಿ ಕೂತವರು ‘ಎಡ, ಎಡ’ ಎನ್ನುತ್ತಿರಲಿ.

ಪ್ರಶ್ನೆ (ಅದೇ ಮೇಡಂ):

ತುಂಬಾ ಧನ್ಯವಾದ ಅಕ್ಕಾ. ಯಜಮಾನರ ಕನ್ನಡಕಕ್ಕೆ ಏನು ಮಾಡಲಿ? ಅವರಿಗೆ ಮೀಸೆಯೂ ಇದೆ, ಮೀಸೆ ಇದ್ದರೆ ಮಾಸ್ಕ್ ಸೋರುತ್ತದೆ ಎಂದು ಯಾರೋ ಹೇಳಿದರು. ಅತ್ತೆಯನ್ನು ನೀರಿಗೆ ಇಳಿಸಬಹುದಾ?

ಉತ್ತರ:

ಕನ್ನಡಕಕ್ಕೆ ಸುಲಭ ದಾರಿ ಇದೆ. ಪವರ್ ಇರುವ ಗಾಜು ಹಾಕಿದ ಮಾಸ್ಕ್ ರೆಡಿಮೇಡ್ ಸಿಗುತ್ತದೆ, ಮೈನಸ್ ಐದು ಆರಾಮಾಗಿ ಸಿಗುತ್ತದೆ. ಎರಡು ಕಣ್ಣಿಗೆ ಬೇರೆ ಬೇರೆ ಪವರ್ ಇದ್ದರೂ ಹಾಕಿಕೊಡುತ್ತಾರೆ. ಇದು ಮಾತ್ರ ಬಾಡಿಗೆಗೆ ಸಿಗುತ್ತದೆ ಎಂದು ನಂಬಿಕೊಂಡು ಬರಬೇಡಿ, ಅಲ್ಲಿಂದಲೇ ತನ್ನಿ. ಅಷ್ಟು ದೂರ ಬಂದು ಆಮೆಯನ್ನು ಮಬ್ಬಾಗಿ ನೋಡಿ ಹೋದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೀಸೆ ಪೂರ್ತಿ ತೆಗೆಯುವುದು ಬೇಡ. ಮೂಗಿನ ಕೆಳಗೆ, ಮಾಸ್ಕಿನ ಅಂಚು ಕೂರುವ ಕಡೆ, ಬೆರಳಗಲದ ಗೆರೆಯಷ್ಟು ಬೋಳಿಸಿದರೆ ಸಾಕು. ಮಾಸ್ಕ್ ಸರಿಹೊಂದುತ್ತದಾ ಎಂದು ನೋಡಲು ಪಟ್ಟಿ ಹಾಕದೆ ಮುಖಕ್ಕೆ ಹಿಡಿದು ಮೂಗಿನಿಂದ ಒಮ್ಮೆ ಎಳೆಯಿರಿ, ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮದು. ಹೊಸ ಮಾಸ್ಕಿನ ಗಾಜಿನ ಒಳಗೆ ತೆಳ್ಳನೆ ಜಿಡ್ಡಿನ ಪದರ ಇರುತ್ತದೆ, ಅದೇ ಮಂಜು ಕಟ್ಟಲು ಕಾರಣ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಆಮೇಲೆ ನೀರಿಗಿಳಿಯುವ ಮುಂಚೆ ಪ್ರತಿ ಸಲ ಒಂದು ಹನಿ ಬೇಬಿ ಶಾಂಪೂ ಸವರಿ, ಒಮ್ಮೆ ಅದ್ದಿ ತೆಗೆದರೆ ಆಯಿತು.

ಈಜು ಬಾರದವರಿಗೆ ಬಾಯಲ್ಲಿ ಊದಿ ಗಾಳಿ ತುಂಬುವ ಸ್ನಾರ್ಕೆಲ್ ವೆಸ್ಟ್ ಬೇಕೇ ಬೇಕು. ಅದು ತೇಲಲು ನೆರವು, ಪ್ರಾಣ ಕಾಯುವ ಜಾಕೆಟ್ ಅಲ್ಲ. ಯಜಮಾನರು ವೆಸ್ಟ್ ಹಾಕಿದ್ದರೂ ಎದೆ ಮಟ್ಟ ದಾಟಬಾರದು. ಮಾಹೋದಲ್ಲಿ ಆ ಮಟ್ಟದಲ್ಲೇ ನೋಡಲು ಬೇಕಾದಷ್ಟಿದೆ.

ಅತ್ತೆಯವರ ವಿಷಯಕ್ಕೆ ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ. ಮೊದಲು ಅವರ ಡಾಕ್ಟರನ್ನು ಕೇಳಿ. ನೀರಿನಲ್ಲಿ ಮಲಗಿದಾಗ ಕಾಲಿನ ಕಡೆಯ ರಕ್ತ ಎದೆಯ ಕಡೆಗೆ ಬರುತ್ತದೆ. ಅದರ ಮೇಲೆ ಕೊಳವೆಯಿಂದ ಉಸಿರೆಳೆಯುವ ಶ್ರಮ ಬೇರೆ. ಕೆಲವರಿಗೆ ಒಂದು ಹನಿ ನೀರು ಕುಡಿಯದಿದ್ದರೂ ಶ್ವಾಸಕೋಶದ ಒಳಗೇ ನೀರು ತುಂಬಿಕೊಳ್ಳುತ್ತದೆ. ಬಿಪಿ, ಹೃದಯದ ತೊಂದರೆ ಇರುವವರಿಗೆ ಈ ಅಪಾಯ ಜಾಸ್ತಿ. ಇದು ಸದ್ದಿಲ್ಲದೆ ಬರುತ್ತದೆ. ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಆದ್ದರಿಂದ ಯಾರಿಗೇ ಆಗಲಿ, ಕಾರಣವಿಲ್ಲದೆ ಏದುಸಿರು ಬಂದರೆ, ಕೈಕಾಲು ಸೋತರೆ, ‘ಇನ್ನೊಂದು ನಿಮಿಷ’ ಎನ್ನಬೇಡಿ. ನಿಂತುಕೊಳ್ಳಿ, ಮಾಸ್ಕ್ ತೆಗೆಯಿರಿ, ದಡಕ್ಕೆ ಬನ್ನಿ. ದ್ವೀಪದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ. ಅದಿರುವುದು ಪಕ್ಕದ ಸೇಂಟ್ ಥಾಮಸ್‌ನಲ್ಲಿ, ದೋಣಿಯಲ್ಲಿ ದಾಟಬೇಕು.

ಡಾಕ್ಟರ್ ಒಪ್ಪಿದರೆ ಅತ್ತೆ ಸೊಂಟದ ಮಟ್ಟದಲ್ಲಿ ನಿಂತುಕೊಂಡು, ನಿಮ್ಮ ಕೈ ಹಿಡಿದು, ಮುಖ ಮಾತ್ರ ಅದ್ದಿ ನೋಡಲಿ. ಕಾಲು ನೆಲದ ಮೇಲಿದ್ದರೆ ಧೈರ್ಯವೂ ಇರುತ್ತದೆ. ತುಂಬು ತೋಳಿನ ಈಜು ಅಂಗಿ, ಕಣಕಾಲಿನವರೆಗೆ ಲೆಗ್ಗಿಂಗ್ಸ್ ಹಾಕಿಸಿ. ಅವರಿಗೂ ಮುಜುಗರ ಇಲ್ಲ, ಬಿಸಿಲಿನಿಂದಲೂ ರಕ್ಷಣೆ. ನೀವೂ ಅದನ್ನೇ ಹಾಕಿ. ಬೆನ್ನು ಮೇಲೆ ಮಾಡಿ ತೇಲುವಾಗ ಕುತ್ತಿಗೆ, ಮೀನಖಂಡ ಸುಟ್ಟು ಹೋಗುವುದು ಗೊತ್ತೇ ಆಗುವುದಿಲ್ಲ. ಸನ್‌ಸ್ಕ್ರೀನ್ ಕಮ್ಮಿ ಸಾಕಾಗುತ್ತದೆ. ಅಂದ ಹಾಗೆ, ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವ ಸನ್‌ಸ್ಕ್ರೀನ್‌ಗೆ ಈ ದ್ವೀಪಗಳಲ್ಲಿ 2020ರಿಂದ ನಿಷೇಧ ಇದೆ, ಹವಳಕ್ಕೆ ಕೆಡುಕು ಎಂದು. ಜಿಂಕ್ ಆಕ್ಸೈಡ್ ಇರುವುದನ್ನು ತನ್ನಿ.

ಇನ್ನೊಬ್ಬರು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹೊಸಬರಿಗೆ ಇಡೀ ಮುಖ ಮುಚ್ಚುವ ಮಾಸ್ಕ್ ಒಳ್ಳೆಯದಲ್ವಾ? ಮೂಗಿನಲ್ಲೇ ಉಸಿರಾಡಬಹುದು. ನಾವು ಅದನ್ನೇ ಬಳಸಿದ್ದು, ಏನೂ ತೊಂದರೆ ಆಗಲಿಲ್ಲ.

ಉತ್ತರ:

ನಿಮಗೆ ತೊಂದರೆ ಆಗಲಿಲ್ಲ ಎಂಬುದು ಸಂತೋಷ ಸರ್. ಆದರೂ ನನ್ನ ಜೊತೆ ಬರುವವರಿಗೆ ನಾನು ಅದನ್ನು ಕೊಡುವುದಿಲ್ಲ. ಸಾಮಾನ್ಯ ಸ್ನಾರ್ಕೆಲ್‌ನಲ್ಲಿ ಹೆದರಿಕೆಯಾದರೆ ಉಗಿದರೆ ಸಾಕು, ಬಾಯಿ ಖಾಲಿ. ಇಡೀ ಮುಖದ ಮಾಸ್ಕನ್ನು ಪಟ್ಟಿ ಎಳೆದು ಕಳಚಬೇಕು, ಗಲಿಬಿಲಿಯಲ್ಲಿ ಬೆರಳು ಓಡುವುದಿಲ್ಲ. ಅಗ್ಗದವುಗಳಲ್ಲಿ ಬಿಟ್ಟ ಗಾಳಿ ಒಳಗೇ ಉಳಿದು ಅದನ್ನೇ ಮತ್ತೆ ಎಳೆದುಕೊಳ್ಳುವ ಹಾಗಾಗುತ್ತದೆ. ಬಿಪಿ ಇರುವ ಹಿರಿಯರಿಗಂತೂ ಬೇಡವೇ ಬೇಡ.

ಮತ್ತೊಬ್ಬರು (ಡಲ್ಲಾಸ್‌ನಿಂದ):

ನಾವು ಎಚ್-1ಬಿಯಲ್ಲಿದ್ದೇವೆ. ಅಲ್ಲಿಗೆ ಬೇರೆ ವೀಸಾ ಬೇಕಾ? ಹವಳದ ಫೋಟೋಗಳು ಅಷ್ಟು ಚೆನ್ನಾಗಿವೆ, ನಿಜಕ್ಕೂ ಹಾಗೇ ಇರುತ್ತದಾ? ಒಬ್ಬರೇ ದೂರ ಹೋಗಿ ನೋಡಬಹುದಾ?

ಉತ್ತರ:

ವರ್ಜಿನ್ ಐಲ್ಯಾಂಡ್ಸ್ ಅಮೆರಿಕದ್ದೇ ಭಾಗ, ಬೇರೆ ವೀಸಾ ಬೇಡ. ಆದರೆ ವಾಪಸ್ ಹೋಗುವಾಗ ಸೇಂಟ್ ಥಾಮಸ್ ವಿಮಾನ ನಿಲ್ದಾಣದಲ್ಲಿ ಕಾಗದಪತ್ರ ನೋಡುತ್ತಾರೆ. ಪಾಸ್‌ಪೋರ್ಟ್, ಐ-797 (ಎಚ್-1ಬಿ ಮಂಜೂರಾದ ಪತ್ರ), ಐ-94 (ಅಮೆರಿಕ ಪ್ರವೇಶದ ದಾಖಲೆ) ಕೈಯಲ್ಲಿರಲಿ. ಮೈಸೂರಿನ ಅತ್ತೆಗೂ ಪಾಸ್‌ಪೋರ್ಟ್, ಐ-94 ಮರೆಯಬೇಡಿ. ಪಕ್ಕದಲ್ಲೇ ಕಾಣುವ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್‌ಗೆ ದೋಣಿ ಹತ್ತಿದರೆ ಮಾತ್ರ ದೇಶ ಬಿಟ್ಟ ಹಾಗೆ, ಅದರ ಲೆಕ್ಕವೇ ಬೇರೆ.

ಹವಳದ ಬಗ್ಗೆ ಸುಳ್ಳು ಹೇಳಲಾರೆ. 2005ರಲ್ಲಿ ನೀರು ಬಿಸಿಯಾಗಿ ಇಲ್ಲಿಯ ಹವಳ ಬಿಳುಚಿಕೊಂಡಿತು, ಆಮೇಲೆ ರೋಗ ಬಂತು. ರಾಷ್ಟ್ರೀಯ ಉದ್ಯಾನದವರು ಅಳೆಯುತ್ತಿದ್ದ ಜಾಗಗಳಲ್ಲಿ ಸುಮಾರು 60% ಹವಳ ಸತ್ತಿತು. 2017ರ ಸೆಪ್ಟೆಂಬರ್‌ನಲ್ಲಿ ಎರಡೇ ವಾರದ ಅಂತರದಲ್ಲಿ ಇರ್ಮಾ, ಮರಿಯಾ ಎಂಬ ಎರಡು ಚಂಡಮಾರುತ. 2023ರಲ್ಲಿ ಮತ್ತೆ ಬಿಸಿ. ಆದ್ದರಿಂದ ಹಳೆಯ ಫೋಟೋ ಮನಸ್ಸಿನಲ್ಲಿ ಇಟ್ಟುಕೊಂಡು ಬರಬೇಡಿ. ಆದರೆ ನೇರಳೆ ಬಣ್ಣದ ಬೀಸಣಿಗೆ ಹವಳ ಅಲೆಗೆ ಅತ್ತಿತ್ತ ತೂಗುವುದು, ಗಿಳಿಮೀನು, ನೀಲಿ ಟ್ಯಾಂಗ್ ಮೀನಿನ ಹಿಂಡು, ಮರಳಿನಲ್ಲಿ ಹುದುಗಿ ಎರಡು ಕಣ್ಣು ಮಾತ್ರ ಹೊರಗಿಟ್ಟ ತೊರಕೆ ಮೀನು, ಇವೆಲ್ಲ ಇವೆ. ಉಳಿದಿರುವ ಹವಳ ಬಲು ಕಷ್ಟಪಟ್ಟು ಉಳಿದದ್ದು. ಗುಂಡು ಕಲ್ಲಿನಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ದಯವಿಟ್ಟು ಅದರ ಮೇಲೆ ನಿಲ್ಲಬೇಡಿ. ದಣಿವಾದರೆ ಬೆನ್ನ ಮೇಲೆ ತೇಲಿ.

ಒಬ್ಬರೇ ಮಾತ್ರ ಬೇಡ. ಜೋಡಿಯಲ್ಲೇ ಇರಿ, ಎಷ್ಟೇ ಈಜು ಬಂದರೂ. ಉತ್ತರದ ಲೈನ್‌ಸ್ಟರ್ ಬೇಯಲ್ಲಿ ವಾಟರ್‌ಲೆಮನ್ ಕೇ ಎಂಬ ಪುಟ್ಟ ನಡುಗಡ್ಡೆ ಇದೆ. ಅಲ್ಲಿ ನಾನು ಬಂದ ಹೊಸದರಲ್ಲಿ ಒಂದು ಆಮೆಯ ಹಿಂದೆ ಹೋದೆ. ಕೆಳಗೇ ನೋಡುತ್ತಿದ್ದೆ. ತಲೆ ಎತ್ತಿದಾಗ ನಡುಗಡ್ಡೆಯ ಆಚೆ ಬದಿಗೆ ಬಂದುಬಿಟ್ಟಿದ್ದೆ, ಸೆಳೆತ ದ್ವೀಪಗಳ ನಡುವಿನ ಕಡಲ ಕಾಲುವೆಯ ಕಡೆಗೆ ಎಳೆಯುತ್ತಿತ್ತು. ಕಾಲಿಗೆ ಫಿನ್ (ಈಜುರೆಕ್ಕೆ) ಇದ್ದರೂ ಹತ್ತು ನಿಮಿಷ ಒಂದೇ ಬಂಡೆ ಪಕ್ಕದಲ್ಲಿ ಕಾಣುತ್ತಿತ್ತು, ಮುಂದೆ ಹೋಗಲೇ ಇಲ್ಲ. ಕೊನೆಗೆ ಅಡ್ಡಡ್ಡ ಈಜಿ ಸೆಳೆತದಿಂದ ಹೊರಗೆ ಬಂದೆ. ಅಂದಿನಿಂದ ಮೂವತ್ತು ಉಸಿರಿಗೊಮ್ಮೆ ತಲೆ ಎತ್ತಿ ದಡ ನೋಡುತ್ತೇನೆ, ಜೊತೆಯವರನ್ನು ನೋಡುತ್ತೇನೆ. ನಿಮ್ಮ ಮಗಳಿಗೂ ಇದನ್ನೇ ಕಲಿಸಿ ಮೇಡಂ. ಚೆನ್ನಾಗಿ ಈಜುವ ಮಕ್ಕಳೇ ಆಮೆಯ ಹಿಂದೆ ಓಡುವುದು. ಆಮೆಯನ್ನು ಮುಟ್ಟುವುದು, ಅಟ್ಟುವುದು ಕಾನೂನಿಗೆ ವಿರುದ್ಧ ಎಂದೂ ಹೇಳಿ. ಸುಮ್ನೆ ತೇಲುತ್ತಿದ್ದರೆ ಉಸಿರಿಗೆಂದು ಅದೇ ಹತ್ತಿರ ಬರುತ್ತದೆ.

ದಡದಲ್ಲೂ ಒಂದು ಎಚ್ಚರ. ಬೀಚ್ ಅಂಚಿನಲ್ಲಿ ಮ್ಯಾಂಚಿನೀಲ್ ಎಂಬ ಮರ ಇರುತ್ತದೆ, ಹಸಿರು ಸೇಬಿನಂಥ ಪುಟ್ಟ ಹಣ್ಣು. ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೂ ಚರ್ಮಕ್ಕೆ ಬೊಬ್ಬೆ ಬರುತ್ತದೆ. ಪೊದೆಯಲ್ಲಿ ಮುಂಗುಸಿ ಓಡಿದರೆ ಆಶ್ಚರ್ಯಪಡಬೇಡಿ. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ಹತ್ತೊಂಬತ್ತನೇ ಶತಮಾನದಲ್ಲಿ ತಂದು ಬಿಟ್ಟದ್ದು, ಮೂಲ ನಮ್ಮ ಕಡೆಯದೇ.

ಪ್ರಶ್ನೆ ಕೇಳಿದ ಮೇಡಂ (ಜನವರಿಯಲ್ಲಿ):

ಅಕ್ಕಾ, ಹೋಗಿ ಬಂದೆವು! ಎರಡು ದಿನ ಉತ್ತರದಲ್ಲಿ ಅಲೆ ಜೋರು ಇತ್ತು, ನೀವು ಹೇಳಿದ ಹಾಗೆ ಸಾಲ್ಟ್ ಪಾಂಡ್‌ಗೆ ಹೋದೆವು. ಯಜಮಾನರು ಮೀಸೆಗೆ ಗೆರೆ ತೆಗೆದರು, ಒಂದು ಹನಿಯೂ ಸೋರಲಿಲ್ಲ. ಡಾಕ್ಟರ್ ಒಪ್ಪಿದ್ದರು, ಮಾಹೋದಲ್ಲಿ ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದು ಮುಖ ಅದ್ದಿದರು. ಎದ್ದು ಹೇಳಿದ ಮೊದಲ ಮಾತು, ‘ಒಳಗೆ ಯಾರೋ ಒಗ್ಗರಣೆ ಹಾಕ್ತಿದ್ದಾರಲ್ಲೇ!’ ನಾನೂ ಕೇಳಿದೆ, ಸಾಸಿವೆ ಸಿಡಿದ ಹಾಗೆ ಚಟಪಟ. ಟ್ರಂಕ್ ಬೇಯಲ್ಲಿ ಅದರ ಜೊತೆ ಕಟಕಟ ಕಡಿಯುವ ಸದ್ದು ಬೇರೆ. ಅವು ಏನು?

ಉತ್ತರ:

ಅತ್ತೆಯವರ ಕಿವಿ ಚುರುಕಾಗಿದೆ! ಸಾಸಿವೆ ಸಿಡಿಸುತ್ತಿದ್ದದ್ದು ಬೆರಳಷ್ಟೂ ಇಲ್ಲದ ಒಂದು ಜಾತಿಯ ಸಿಗಡಿ. ಅದರ ಒಂದು ಕೊಂಡಿ ದೊಡ್ಡದು. ಅದನ್ನು ಫಟ್ಟನೆ ಮುಚ್ಚಿದಾಗ ನೀರಿನಲ್ಲಿ ಒಂದು ಗುಳ್ಳೆ ಹುಟ್ಟಿ ಒಡೆಯುತ್ತದೆ, ಆ ಸದ್ದೇ ಅದು. ಸಾವಿರಾರು ಸಿಗಡಿಗಳು ಒಟ್ಟಿಗೆ ಮಾಡಿದಾಗ ಒಗ್ಗರಣೆ. ಕಟಕಟ ಎಂದದ್ದು ಗಿಳಿಮೀನು. ಹವಳದ ಕಲ್ಲಿನ ಮೇಲಿನ ಪಾಚಿಯನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆದು ತಿನ್ನುತ್ತದೆ, ಕಲ್ಲನ್ನೂ ಅರೆದು ನುಂಗಿ ಹಿಂದಿನಿಂದ ಮರಳಾಗಿ ಬಿಡುತ್ತದೆ. ನೀವು ಟವೆಲ್ ಹಾಸಿ ಕುಳಿತ ಆ ಬಿಳಿ ಮರಳಿನಲ್ಲಿ ಒಂದು ಪಾಲು ಅದರ ಹೊಟ್ಟೆಯಿಂದಲೇ ಬಂದದ್ದು. ಅತ್ತೆಗೆ ಹೇಳಿ.