ಕರಕುಶಲ ವಸ್ತುಗಳ ಪ್ಯಾಕಿಂಗ್: ತಯಾರಿಸುವವರ ಅನುಭವಗಳು

ಪ್ರಶ್ನೆ

ಮಣ್ಣಿನ ಮತ್ತು ಬೆಳ್ಳಿಯ ಕಿವಿಯೋಲೆಗಳನ್ನೂ ಕ್ರೋಶಾ ಹೆಣಿಗೆಯ ಚೀಲಗಳನ್ನೂ ಮನೆಯಲ್ಲಿಯೇ ತಯಾರಿಸಿ ಮೇಳಗಳಲ್ಲಿ ಮಾರುತ್ತಿದ್ದೇನೆ. ಕೈಗೆತ್ತಿಕೊಂಡು ನೋಡಿದವರು ಸಾಮಾನ್ಯವಾಗಿ ಕೊಳ್ಳುತ್ತಾರೆ, ಆದರೆ ದೂರದಿಂದಲೇ ಕಣ್ಣಾಡಿಸಿ ಮುಂದೆ ಸಾಗುವವರೇ ಹೆಚ್ಚು. ಇನ್ನು ಮುಂದೆ ಕೊರಿಯರ್ ಮೂಲಕವೂ ಕಳುಹಿಸಬೇಕೆಂದಿದ್ದೇನೆ. ಪ್ಯಾಕಿಂಗ್ ಅಂದವಾಗಿರಬೇಕು, ಅದರ ಖರ್ಚು ಲಾಭವನ್ನು ನುಂಗಬಾರದು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಆಭರಣ ತಯಾರಕಿ)

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತಿವೆ. ಮೇಜಿನ ಮೇಲೆ ಕಣ್ಸೆಳೆಯುವ ಪ್ಯಾಕಿಂಗ್ ಒಂದು, ದಾರಿಯ ಪೆಟ್ಟು ತಾಳಿಕೊಳ್ಳುವ ಪ್ಯಾಕಿಂಗ್ ಇನ್ನೊಂದು. ಎರಡನ್ನೂ ಒಂದೇ ಡಬ್ಬಿಯಿಂದ ಮಾಡಿಸಲು ಹೊರಟರೆ ಖರ್ಚು ಏರುತ್ತದೆಯೇ ಹೊರತು ಯಾವುದೂ ಸರಿಯಾಗುವುದಿಲ್ಲ. ಮೇಳದ ಮೇಜಿಗೆ ಡಬ್ಬಿಯೇ ಬೇಡ, ಕಾರ್ಡ್ ಸಾಕು ಎಂಬುದು ನನ್ನ ಅಭಿಪ್ರಾಯ.

ಕಾರ್ಡಿಗೆ 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವಷ್ಟು) ದಪ್ಪದ ರಟ್ಟನ್ನು ಆರಿಸಿಕೊಳ್ಳಿ. ಅದಕ್ಕಿಂತ ತೀರಾ ತೆಳುವಾದುದು ಮಣ್ಣಿನ ಓಲೆಯ ಭಾರಕ್ಕೆ ಮುಂದಕ್ಕೆ ಬಾಗುತ್ತದೆ. ಕೊಕ್ಕೆಯ ರಂಧ್ರಗಳನ್ನು ದಪ್ಪ ಸೂಜಿಯಿಂದ ಚುಚ್ಚುವ ಮೊದಲು ಎರಡೂ ಓಲೆಗಳನ್ನು ಕಾರ್ಡಿನ ಮೇಲೆ ಇಟ್ಟು ನೋಡಿ. ಅವು ಒಂದಕ್ಕೊಂದು ತಾಗದಂತೆ, ಕಾರ್ಡಿನ ಕೆಳಗಿನ ಅಂಚು ಓಲೆಯ ತುದಿಗಿಂತ ಒಂದು ಬೆರಳಷ್ಟು ಕೆಳಗೆ ಬರುವಂತೆ ಅಳತೆ ಹಾಕಿಕೊಳ್ಳಬೇಕು. ಕಾರ್ಡಿನ ಹೊರಗೆ ಜೋತಾಡುವ ಓಲೆಗಳು ಪಕ್ಕದ ಜೋಡಿಗೆ ಸಿಕ್ಕಿಕೊಳ್ಳುತ್ತವೆ, ಬಿಡಿಸುವಷ್ಟರಲ್ಲಿ ಗಿರಾಕಿಯ ಉತ್ಸಾಹ ಇಳಿದಿರುತ್ತದೆ.

ಬಣ್ಣದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೈಕೆಲಸವೆಂದರೆ ಕಂದು ಬಣ್ಣದ ಕ್ರಾಫ್ಟ್ ಕಾಗದವೇ ಆಗಬೇಕೆಂಬ ನಂಬಿಕೆ ಎಲ್ಲೆಡೆ ಹರಡಿದೆ, ಆದರೆ ಸುಟ್ಟ ಮಣ್ಣಿನ ಕೆಂಪು ಆ ಕಂದಿನಲ್ಲಿ ಕರಗಿಹೋಗುತ್ತದೆ. ನೀವು ಹೇಳುವ ‘ದೂರದಿಂದ ನೋಡಿ ಸಾಗುವವರ’ ತೊಂದರೆಗೆ ಇದೇ ಕಾರಣವಿರಬಹುದು. ಮಣ್ಣಿನ ಓಲೆಗೆ ಕೆನೆಬಿಳುಪು ಅಥವಾ ಕಡುಹಸಿರು, ಬೆಳ್ಳಿಗೆ ಕಡುನೀಲಿ ಅಥವಾ ಕಪ್ಪು ಒಪ್ಪುತ್ತದೆ. ಹೊಳಪಿನ ಕಾರ್ಡು ಬೇಡ, ದೀಪದ ಬೆಳಕು ಅದರ ಮೇಲೆ ಬಿದ್ದಾಗ ಓಲೆಗಿಂತ ಕಾರ್ಡೇ ಮಿನುಗುತ್ತದೆ. ಕಾರ್ಡಿನ ಹಿಂಬದಿಯಲ್ಲಿ ಯಾವುದರಿಂದ ಮಾಡಿದ್ದು, ಉದ್ದ ಎಷ್ಟು ಸೆಂಟಿಮೀಟರ್, ತೂಕ ಎಷ್ಟು ಗ್ರಾಂ ಎಂಬುದನ್ನು ಬರೆಯಿರಿ; ಕಿವಿಗೆ ಭಾರವಾಗುವುದೇ ಎಂದು ಕೇಳದ ಗಿರಾಕಿ ಅಪರೂಪ.

ಬೆಳ್ಳಿಯ ಬಗ್ಗೆ ಇನ್ನೊಂದು ಮಾತು. ಗಂಧಕದ ಅಂಶ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಆದ್ದರಿಂದ ಅದನ್ನು ವೃತ್ತಪತ್ರಿಕೆಯಲ್ಲಿ ಸುತ್ತುವುದಾಗಲಿ ರಬ್ಬರ್ ಬ್ಯಾಂಡ್ ಹಾಕುವುದಾಗಲಿ ಕೂಡದು. ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ಗಾಳಿಯಾಡದ ಸಣ್ಣ ಜಿಪ್ ಚೀಲದಲ್ಲಿ ಹಾಕಿ, ಆಮೇಲೆ ಬಟ್ಟೆಯ ಥೈಲಿಯಲ್ಲಿಡಿ. ಥೈಲಿ ಅಂದಕ್ಕೆ, ಬೆಳ್ಳಿಯನ್ನು ಕಾಯುವುದು ಜಿಪ್ ಚೀಲ.

ಉತ್ತರ 2 (ಹೆಣಿಗೆ ಮತ್ತು ಕಸೂತಿ ಮಾಡುವವರು)

ಹೆಣೆದ ಚೀಲವನ್ನು ಪ್ಲಾಸ್ಟಿಕ್ ಕವರಿನೊಳಗೆ ಇಡಬೇಡಿ. ನೂಲಿನ ವಸ್ತುವನ್ನು ಜನ ಮುಟ್ಟಿ ನೋಡಿಯೇ ಕೊಳ್ಳುವುದು, ಆ ಸ್ಪರ್ಶಕ್ಕೆ ಅಡ್ಡಬರುವ ಯಾವ ಹೊದಿಕೆಯೂ, ಅದೆಷ್ಟೇ ಚೆಂದವಿದ್ದರೂ, ನಷ್ಟವೇ. ಮಡಿಸಿದ ಚೀಲದ ನಡುವಿಗೆ ಮೂರು ಬೆರಳಗಲದ ಕಾಗದದ ಪಟ್ಟಿಯನ್ನು ಸುತ್ತಿ ಹಿಂದೆ ಅಂಟಿಸಿದರೆ ಸಾಕು. ನಿಮ್ಮ ಹೆಸರು, ನೂಲು ಹತ್ತಿಯೋ ಉಣ್ಣೆಯೋ ಎಂಬುದು ಮತ್ತು ತೊಳೆಯುವ ವಿಧಾನ ಅದರ ಮೇಲಿರಲಿ. ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಹೆಣಿಗೆಯ ಮೇಲೆ ಗೆರೆ ಮೂಡುತ್ತದೆ, ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಸೆಣಬಿನ ಹುರಿಯಿಂದ ಕಟ್ಟುವ ರೂಢಿಯಿದೆಯಲ್ಲ, ಅದು ನೋಡಲು ಚೆಂದವೇ ಹೌದು, ಆದರೆ ಅದರ ಎಳೆಗಳು ಉದುರಿ ಉಣ್ಣೆಗೆ ಮೆತ್ತಿಕೊಳ್ಳುತ್ತವೆ. ಹತ್ತಿಯ ದಾರ ವಾಸಿ.

ಉತ್ತರ 3 (ಸಾಬೂನು ತಯಾರಕರು)

ಪ್ರಶ್ನೆ ಕೇಳಿದವರಿಗೆ ಇದು ನೇರವಾಗಿ ಅನ್ವಯಿಸದಿದ್ದರೂ ಓದುವ ಬೇರೆಯವರಿಗೆ ಉಪಯೋಗವಾದೀತು. ಬಿಸಿಮಾಡದೆ ತಯಾರಿಸಿದ ಸಾಬೂನನ್ನು ಸಾಮಾನ್ಯವಾಗಿ 4ರಿಂದ 6 ವಾರ ಒಣಗಲು ಬಿಡುತ್ತೇವೆ, ಆಮೇಲೂ ಅದರಿಂದ ನೀರಿನಂಶ ನಿಧಾನವಾಗಿ ಹೊರಹೋಗುತ್ತಲೇ ಇರುತ್ತದೆ. ಅದಕ್ಕೆ ಗಾಳಿಯಾಡುವ ಕಾಗದವೇ ಸರಿ, ತುದಿಗಳನ್ನು ತೆರೆದಿಟ್ಟರೆ ಪರಿಮಳವೂ ಗಿರಾಕಿಗೆ ತಲುಪುತ್ತದೆ. ಗ್ಲಿಸರಿನ್ ಹೆಚ್ಚಿರುವ, ಕರಗಿಸಿ ಎರಕ ಹೊಯ್ದ ಪಾರದರ್ಶಕ ಸಾಬೂನಿನದು ಇದಕ್ಕೆ ತದ್ವಿರುದ್ಧ: ಅದು ಗಾಳಿಯ ತೇವವನ್ನು ಹೀರಿ ಮೈಯೆಲ್ಲ ಹನಿಹನಿಯಾಗುವುದರಿಂದ ಗಾಳಿ ತಾಗದಂತೆ ಬಿಗಿಯಾಗಿ ಸುತ್ತಲೇಬೇಕು.

ಉತ್ತರ 4 (ಪಿಂಗಾಣಿ ಮತ್ತು ಮಣ್ಣಿನ ಪಾತ್ರೆಗಳನ್ನು ಕಳುಹಿಸುವವರು)

ಕೊರಿಯರ್ ಆರಂಭಿಸುವ ಮುನ್ನ ಪೆಟ್ಟಿಗೆಯ ಗಾತ್ರದ ಲೆಕ್ಕ ಹಾಕಿ. ಬಹುತೇಕ ಕೊರಿಯರ್ ಸಂಸ್ಥೆಗಳು ತಕ್ಕಡಿಯ ತೂಕ ಮತ್ತು ಗಾತ್ರದ ತೂಕ ಎರಡನ್ನೂ ನೋಡಿ, ಯಾವುದು ಹೆಚ್ಚೋ ಅದಕ್ಕೆ ಶುಲ್ಕ ಹಾಕುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಸೂತ್ರ. 30×20×15 ಸೆಂ.ಮೀ. ಪೆಟ್ಟಿಗೆಯಲ್ಲಿ ಒಂದೇ ಜೊತೆ ಓಲೆ ಇಟ್ಟರೂ ಅದು 1.8 ಕಿಲೋ ಎಂದೇ ಲೆಕ್ಕ. ಅಂದದ ದೊಡ್ಡ ಡಬ್ಬಿಯ ನಿಜವಾದ ಖರ್ಚು ಇರುವುದು ಇಲ್ಲಿ, ಡಬ್ಬಿಯ ಬೆಲೆಯಲ್ಲಲ್ಲ.

ಮಣ್ಣಿನ ಓಲೆ ಒಡೆಯುವುದು ಹೆಚ್ಚಾಗಿ ಒಳಗಿನ ಅಲುಗಾಟದಿಂದ. ಓಲೆಗಳನ್ನು ಕಾರ್ಡಿನಿಂದ ತೆಗೆದು ಒಂದೊಂದನ್ನೂ ಬೇರೆಯಾಗಿ ಟಿಶ್ಯೂವಿನಲ್ಲಿ ಸುತ್ತಿ, ಅದರ ಮೇಲೆ ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯಾದ ಬಬಲ್ ರ‍್ಯಾಪ್ ಸುತ್ತಿ, 3 ಪ್ಲೈ (ಮೂರು ಪದರದ) ರಟ್ಟಿನ ಸಣ್ಣ ಪೆಟ್ಟಿಗೆಯಲ್ಲಿಟ್ಟು, ಖಾಲಿ ಜಾಗಕ್ಕೆ ಮುದುಡಿದ ಕಾಗದ ತುಂಬಿ. ಕಾರ್ಡನ್ನು ಮೇಲ್ಗಡೆ ಇಡಿ, ಪೆಟ್ಟಿಗೆ ತೆರೆದೊಡನೆ ಅದೇ ಕಾಣಲಿ. ಮುಚ್ಚಿದ ಮೇಲೆ ಕಿವಿಯ ಬಳಿ ಹಿಡಿದು ಅಲುಗಾಡಿಸಿ. ಸದ್ದು ಬಂದರೆ ಇನ್ನೂ ಕಾಗದ ಬೇಕು. ಹೊಸ ವಿನ್ಯಾಸದ ಪೆಟ್ಟಿಗೆಯಾದರೆ, ಮಾರಲಾಗದ ಒಂದು ಓಲೆಯನ್ನು ಒಳಗಿಟ್ಟು ಸುಮಾರು 75 ಸೆಂ.ಮೀ. ಎತ್ತರದಿಂದ ಮೂಲೆ, ಅಂಚು, ಮುಖ ಹೀಗೆ ಬೇರೆ ಬೇರೆ ಬದಿಗೆ ಬೀಳಿಸಿ ನೋಡುವುದು ಒಳ್ಳೆಯದು. ತೇವ ತಾಗಿದ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಮರುಬಳಕೆ ಮಾಡಬೇಡಿ, ಒಣಗಿದರೂ ಅದಕ್ಕೆ ಹಿಂದಿನ ಬಲವಿರುವುದಿಲ್ಲ. (ಬಬಲ್ ರ‍್ಯಾಪ್ 1957ರಲ್ಲಿ ಗೋಡೆಗೆ ಅಂಟಿಸುವ ಅಲಂಕಾರದ ಹಾಳೆಯಾಗಿ ಹುಟ್ಟಿತಂತೆ. ಇಂದಿಗೂ ಅಂದಕ್ಕೂ ಅದಕ್ಕೂ ದೂರವೇ. ಆದಷ್ಟು ಒಳಪದರದಲ್ಲಿ ಅಡಗಿಸಿಡಿ.)

ಉತ್ತರ 5 (ಉಡುಗೊರೆ ಮಳಿಗೆಗೆ ಸರಕು ಒದಗಿಸುವವರು)

ಮೊದಲ ಉತ್ತರದ ‘ಡಬ್ಬಿಯೇ ಬೇಡ’ ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ತಮಗಾಗಿ ಕೊಳ್ಳುವವರಿಗೆ ಕಾರ್ಡು ಸಾಕು, ನಿಜ. ಆದರೆ ಇನ್ನೊಬ್ಬರಿಗೆ ಕೊಡಲೆಂದು ಕೊಳ್ಳುವವರು ಮನೆಗೆ ಹೋಗಿ ಮತ್ತೆ ಕಾಗದ ಹುಡುಕುವ ಶ್ರಮವನ್ನು ತಪ್ಪಿಸಿಕೊಳ್ಳಲು ಬಯಸುತ್ತಾರೆ, ಅವರಿಗೆ ಸಿದ್ಧ ಡಬ್ಬಿಯೇ ನಿರ್ಧಾರವನ್ನು ಸುಲಭಗೊಳಿಸುತ್ತದೆ. ಎಲ್ಲ ಓಲೆಗಳನ್ನೂ ಡಬ್ಬಿಯಲ್ಲಿ ಮುಚ್ಚಿಡುವ ಬದಲು, ಒಂದೇ ಅಳತೆಯ ಸಾದಾ ಡಬ್ಬಿಗಳನ್ನು ಮಡಿಸಿದ ಸ್ಥಿತಿಯಲ್ಲೇ ಮೇಜಿನ ಕೆಳಗಿಟ್ಟುಕೊಂಡು, ಕೇಳಿದವರಿಗೆ ಮಾತ್ರ ಪ್ರತ್ಯೇಕ ಬೆಲೆಗೆ ಕೊಡಿ. ಮಾದರಿಗೆಂದು ಒಂದನ್ನು ಮಾತ್ರ ಮೇಜಿನ ಮೇಲೆ ತೆರೆದಿಡಿ. ಓಲೆಯೂ ಚೀಲದ ಬಿಡಿಭಾಗಗಳೂ ಹಿಡಿಸುವ ಒಂದೇ ಅಳತೆಯನ್ನು ಗೊತ್ತುಮಾಡಿಕೊಂಡರೆ ಒಟ್ಟಿಗೆ ಹೆಚ್ಚು ಕೊಳ್ಳಬಹುದು, ಬಿಡಿ ಬೆಲೆಯೂ ಇಳಿಯುತ್ತದೆ. ಹೆಸರನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸುವ ಅಗತ್ಯವಿಲ್ಲ, ರಬ್ಬರ್ ಮೊಹರು ಸಾಕು, ವಿನ್ಯಾಸ ಬದಲಾದರೂ ಡಬ್ಬಿ ವ್ಯರ್ಥವಾಗುವುದಿಲ್ಲ. ಬೆಲೆಯ ಚೀಟಿಯನ್ನು ಮಾತ್ರ ಡಬ್ಬಿಗೆ ಅಂಟಿಸದೆ ದಾರದಲ್ಲಿ ತೂಗುಹಾಕಿ: ಉಡುಗೊರೆ ಕೊಡುವವರು ಅದನ್ನು ಕಿತ್ತಾಗ ಡಬ್ಬಿಯ ಮೇಲ್ಪದರವೂ ಹರಿದು ಬರಬಾರದು.