ಒಂದೇ ದಿನದಲ್ಲಿ ಕಡಲು, ಡಾಲ್ಫಿನ್, ಕಡಲಾಮೆ: ಗುಂಪಿನಲ್ಲಿ ಹೋಗಿಬಂದವರ ಅನುಭವ

ಕೇಳಿದವರು, ಶಿರಸಿಯಿಂದ: ನಮ್ಮ ಮಹಿಳಾ ಮಂಡಳದ 22 ಮಂದಿ ಜನವರಿಯಲ್ಲಿ ಮಿನಿ ಬಸ್ಸಿನಲ್ಲಿ ಕರಾವಳಿಗೆ ಒಂದು ದಿನದ ಪ್ರವಾಸ ಹೊರಟಿದ್ದೇವೆ. ಐವರು ಎಪ್ಪತ್ತು ದಾಟಿದವರು, ಆರು ಮಂದಿ ಮಕ್ಕಳು. ಕಾರವಾರ, ಗೋಕರ್ಣ, ಮುರುಡೇಶ್ವರ ಮೂರನ್ನೂ ಮುಗಿಸಿ, ಡಾಲ್ಫಿನ್ ಮತ್ತು ಕಡಲಾಮೆ ಎರಡನ್ನೂ ನೋಡಬಹುದೆಂದು ಒಬ್ಬರು ಹೇಳಿದ್ದಾರೆ. ಹೋಗಿಬಂದವರು ದಯವಿಟ್ಟು ತಿಳಿಸಿ.

ಕಾರವಾರದಿಂದ: ಅಕ್ಕ, ಆ ಮೂರು ಊರುಗಳನ್ನು ಒಂದೇ ದಿನಕ್ಕೆ ಸೇರಿಸಬೇಡಿ. ಕಾರವಾರದಿಂದ ಮುರುಡೇಶ್ವರಕ್ಕೆ ಹೆದ್ದಾರಿಯಲ್ಲೇ ನೂರು ಕಿಲೋಮೀಟರ್‌ಗೂ ಹೆಚ್ಚು ದೂರವಿದೆ. ಘಟ್ಟ ಇಳಿದು ಹತ್ತುವ ಹೊತ್ತನ್ನೂ ಕೂಡಿಸಿದರೆ ಬೆಳಕಿರುವ ಸಮಯವೆಲ್ಲ ಬಸ್ಸಿನೊಳಗೇ ಹೋಗುತ್ತದೆ. ನಾಲ್ಕು ವರ್ಷಗಳ ಹಿಂದೆ ನನ್ನ ಸೋದರತ್ತೆಯವರ ಮನೆಯ ಹದಿನೆಂಟು ಮಂದಿಯನ್ನು ನಾನೇ ಹೀಗೆ ಸುತ್ತಿಸಿ, ಮಧ್ಯಾಹ್ನ ಎರಡು ಗಂಟೆಗೆ ಇಲ್ಲಿ ದೋಣಿ ಹತ್ತಿಸಿದ್ದೆ. ಆ ವೇಳೆಗೆ ಗಾಳಿ ಎದ್ದಿತ್ತು. ಇಬ್ಬರಿಗೆ ವಾಂತಿಯಾಯಿತು, ಡಾಲ್ಫಿನ್ ಒಂದೂ ಕಾಣಲಿಲ್ಲ.

ಮರುವರ್ಷ ಅವರು ಹಿಂದಿನ ಸಂಜೆಯೇ ಬಂದು ಉಳಿದರು, ನಾವು ಬೆಳಿಗ್ಗೆ ಏಳಕ್ಕೆ ಹೊರಟೆವು. ನಮ್ಮ ಕಡೆ ದಡದ ಹತ್ತಿರ ಕಾಣುವುದು ಬೆನ್ನಿನ ಮೇಲೆ ಗೂನಿರುವ ಜಾತಿಯ ಡಾಲ್ಫಿನ್; ಅದು ಆಳ ಸಮುದ್ರಕ್ಕಿಂತ ಹೆಚ್ಚಾಗಿ ನದಿ ಕಡಲನ್ನು ಸೇರುವ ಆಳವಿಲ್ಲದ ನೀರಿನಲ್ಲಿ ಮೀನು ಹಿಡಿಯುತ್ತದೆ. ಕಾಳಿ ನದಿಯ ಅಳಿವೆ, ದೇವಬಾಗ, ಕೂರ್ಮಗಡ ನಡುಗಡ್ಡೆಯ ಸುತ್ತ ಅದು ಕಾಣಸಿಗುವುದು ಇದೇ ಕಾರಣಕ್ಕೆ. ದೋಣಿಯವರು ದೂರದಲ್ಲೇ ಎಂಜಿನ್ ನಿಲ್ಲಿಸಿ ಎಲ್ಲರೂ ಸುಮ್ಮನಿರುವಂತೆ ಹೇಳಿದರು. ಮೊದಲು ಕೇಳಿದ್ದು ಉಸಿರು, ಪಿಚಕಾರಿಯಿಂದ ಗಾಳಿ ಬಿಟ್ಟಂತೆ. ನಾವು ತಿರುಗುವಷ್ಟರಲ್ಲಿ ಬೂದು ಬಣ್ಣದ ಬೆನ್ನೊಂದು ನಿಧಾನವಾಗಿ ಬಾಗಿ ನೀರಿಗಿಳಿಯಿತು. ಅದರ ಹಿಂದೆಯೇ ಇನ್ನೂ ಚಿಕ್ಕದೊಂದು ಬೆನ್ನು. ಸೋದರತ್ತೆ ಕೈ ಮುಗಿದು ಕುಳಿತುಬಿಟ್ಟರು. ಹಿಂದಿನ ವರ್ಷದ ದೋಣಿಯವರು ದಾರಿಯುದ್ದಕ್ಕೂ ಎಂಜಿನ್ ಜೋರು ಮಾಡಿಕೊಂಡು ಹೋಗಿದ್ದರು. ಅಟ್ಟಿಸಿಕೊಂಡು ಹೋದರೆ ತಾಯಿ ಮರಿಯನ್ನು ಕರೆದುಕೊಂಡು ಮುಳುಗುತ್ತದೆ, ಮತ್ತೆ ಏಳುವುದು ಎಲ್ಲೋ ದೂರದಲ್ಲಿ. ಆದ್ದರಿಂದ ಬಾಡಿಗೆಯ ಮಾತಿಗೆ ಮೊದಲು, ಎಂಜಿನ್ ನಿಲ್ಲಿಸಿ ಕಾಯುವಿರಾ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿಕೊಳ್ಳಿ.

ಮಾಜಾಳಿಯ ಬಳಿಯ ತಿಳ್ಮಾತಿ ಕಡಲತೀರದ ಎಳ್ಳಿನಂಥ ಕಪ್ಪು ಮರಳು ನನಗೆ ಬಹಳ ಇಷ್ಟ, ಆದರೆ ಅಲ್ಲಿಗೆ ಗುಡ್ಡ ಹತ್ತಿ ಇಳಿಯಬೇಕು. ನಿಮ್ಮ ಹಿರಿಯರಿಗೆ ಆಗದು.

ಹೊನ್ನಾವರದಿಂದ: ಕಾರವಾರದವರು ಹೇಳಿದ ಬೆಳಗಿನ ಏಳು ಗಂಟೆ ಶಿರಸಿಯಿಂದ ಅದೇ ದಿನ ಹೊರಟವರಿಗೆ ಕಷ್ಟ. ರಾತ್ರಿ ಉಳಿಯುವುದಿಲ್ಲವಾದರೆ, ಡಾಲ್ಫಿನ್ ಆಸೆಯನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಂಡು, ದೇವಿಮನೆ ಘಟ್ಟ ಇಳಿದು ಕುಮಟಾ ಮೂಲಕ ನಮ್ಮ ಕಡೆ ಬನ್ನಿ ಎನ್ನುವುದು ನನ್ನ ಸಲಹೆ.

ಶರಾವತಿ ನದಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆಯ ಕಾಲುದಾರಿ ಇದೆ. ಅಲ್ಲಿಗೆ ಹೋಗುವ ಹೊತ್ತನ್ನು ಗಡಿಯಾರ ನೋಡಿ ಗೊತ್ತುಮಾಡಬೇಡಿ. ಕಡಲ ನೀರಿನ ಇಳಿತ ಯಾವಾಗ ಎಂದು ಸ್ಥಳೀಯ ಮೀನುಗಾರರನ್ನು ಕೇಳಿ. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಉಬ್ಬರದಲ್ಲಿ ಬಂದವರಿಗೆ ನೀರು ಮತ್ತು ಎಲೆ ಮಾತ್ರ ಕಾಣುತ್ತದೆ. ಇಳಿತದಲ್ಲಿ ಬಂದರೆ ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳು, ಅವುಗಳ ನಡುವೆ ರೆಕ್ಕೆಯೂರಿ ಕುಪ್ಪಳಿಸುವ ಪುಟ್ಟ ಮೀನು, ಒಂದೇ ಕೊಂಡಿಯನ್ನು ದೊಡ್ಡದಾಗಿ ಬೆಳೆಸಿಕೊಂಡು ಅದನ್ನು ಎತ್ತಿ ಇಳಿಸುವ ಗಂಡು ಏಡಿ, ಎಲ್ಲವೂ ಕಾಲಡಿಯಲ್ಲೇ ಇರುತ್ತವೆ. ನಾನು ಕರೆದೊಯ್ದ ಶಾಲೆಯ ಮಕ್ಕಳು ಒಂದೇ ಬಿಲದ ಮುಂದೆ ಇಪ್ಪತ್ತು ನಿಮಿಷ ಕದಲದೆ ಕುಳಿತಿದ್ದರು.

ಕಡಲಾಮೆಯ ವಿಷಯದಲ್ಲಿ ಮಕ್ಕಳಿಗೆ ಮಾತು ಕೊಡಬೇಡಿ. ಆಲಿವ್ ರಿಡ್ಲೆ ಆಮೆ ರಾತ್ರಿ ದಡಕ್ಕೆ ಬಂದು ಮರಳಿನಲ್ಲಿ ನೂರರಷ್ಟು ಮೊಟ್ಟೆಯಿಟ್ಟು ಬೆಳಗಾಗುವ ಮೊದಲೇ ಮರಳುತ್ತದೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಹಗಲಿನಲ್ಲಿ ಹೆಚ್ಚೆಂದರೆ ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುತ್ತಿರುವ ಗೂಡು ಕಂಡೀತು. ದೂರದಿಂದ ನೋಡಿ ಬನ್ನಿ, ಮರಳನ್ನು ಕೆದಕುವುದು ಬೇಡ. ಮರಿಗಳು ಕಡಲ ಮೇಲಿನ ಮಿಣುಕು ಬೆಳಕನ್ನು ನಂಬಿ ನೀರಿನ ಕಡೆ ಹೊರಡುವುದರಿಂದ, ರಾತ್ರಿ ದಡದಲ್ಲಿ ಟಾರ್ಚ್ ಹಾಕಿದರೆ ಅವು ದಾರಿ ತಪ್ಪುತ್ತವೆ.

ಕುಮಟಾದಿಂದ: ಒಂದು ಮಾತು ಸೇರಿಸುತ್ತೇನೆ. ನಮ್ಮ ಗುಂಪಿನ ಹೆಂಗಸರಿಗೆ ಹೆಚ್ಚು ತೊಂದರೆಯಾದದ್ದು ಶೌಚಾಲಯ ಮತ್ತು ಬಟ್ಟೆ ಬದಲಿಸುವ ಜಾಗವಿಲ್ಲದೆ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು 2020ರಲ್ಲಿ ಪಡೆದ, ಹೊನ್ನಾವರದ ಬಳಿಯ ಕಾಸರಕೋಡು ಕಡಲತೀರದಲ್ಲಿ ಎರಡೂ ಇವೆ. ಆದ್ದರಿಂದ ನೀರಿಗಿಳಿಯುವ ಕಾರ್ಯಕ್ರಮವನ್ನು ಅಲ್ಲಿಯೇ, ಬಿಸಿಲು ಇಳಿದ ಮೇಲೆ, ಇಟ್ಟುಕೊಳ್ಳಿ. ಕಾವಲುಗಾರರು ಕೂಗಿದರೆ ಮಕ್ಕಳನ್ನು ಕೂಡಲೇ ಮೇಲೆ ಕರೆಯಿರಿ. ಸೂರ್ಯ ಮುಳುಗಿದೊಡನೆ ಬಸ್ ಹೊರಡಲಿ, ಹಿರಿಯರಿಗೆ ಮುಂದಿನ ಸೀಟು ಬಿಡಿ. ಕತ್ತಲಲ್ಲಿ ಘಟ್ಟದ ತಿರುವುಗಳು ಹಿಂದೆ ಕುಳಿತವರ ಹೊಟ್ಟೆ ತೊಳಸುತ್ತವೆ.